ಅಬಿಡ್ಸ್‌ನಲ್ಲಿ ಬೆಳೆದ ಮಗಳು

ನಮ್ಮ ಮನೆಯಲ್ಲಿ ಒಂದು ರಟ್ಟಿನ ಪುಸ್ತಕವಿದೆ. ಹಾಳೆಗಳೂ ರಟ್ಟಿನವೇ, ಒಟ್ಟು ಎಂಟು. ಒಂದೊಂದು ಹಾಳೆಯಲ್ಲಿ ಒಂದೊಂದು ಪ್ರಾಣಿ. ಅದರ ಬಲಮೂಲೆಯನ್ನು ಯಾವುದೋ ಮಗು ಕಚ್ಚಿ, ಚೀಪಿ, ಮೆತ್ತಗೆ ಮಾಡಿಬಿಟ್ಟಿದೆ. ಬೆಳಕಿಗೆ ಹಿಡಿದರೆ ಮೇಲಿನ ಎರಡು ಹಲ್ಲು, ಕೆಳಗಿನ ಎರಡು ಹಲ್ಲು, ನಾಲ್ಕರ ಗುರುತೂ ಕಾಣುತ್ತದೆ. ಮೊನ್ನೆ ಕಪಾಟು ಒರೆಸುವಾಗ ಅದು ಕೈಗೆ ಬಂತು. ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಅರ್ಧ ಗಂಟೆಯ ಕೆಲಸ ಮಧ್ಯಾಹ್ನದ ತನಕ ಎಳೆಯಿತು. ನನ್ನ ಎಲ್ಲ ಕೆಲಸಗಳೂ ಹೀಗೇ ಎಳೆಯುತ್ತವೆ ಎಂದು ನನ್ನ ಹೆಂಡತಿ ಶೈಲಾ ಹೇಳುತ್ತಾಳೆ. ಅವಳು ಹೇಳುವುದನ್ನೆಲ್ಲ ಇಲ್ಲಿ ಬರೆಯುತ್ತ ಹೋದರೆ ನಿಮ್ಮ ಮುಂದೆ ನನ್ನ ಮರ್ಯಾದೆ ಉಳಿಯುವುದಿಲ್ಲ.

ಆ ಹಲ್ಲುಗಳು ಯಾರವೋ ನಮಗೆ ಗೊತ್ತಿಲ್ಲ. ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಪುಸ್ತಕ ಕೊಂಡಾಗಲೇ ಅವು ಅದರಲ್ಲಿದ್ದವು. ಹೈದರಾಬಾದಿನವರಿಗೆ ಅಬಿಡ್ಸ್‌ನ ಭಾನುವಾರದ ಬಗ್ಗೆ ಹೇಳಬೇಕಿಲ್ಲ, ಬೇರೆ ಊರಿನವರಿಗಾಗಿ ಹೇಳುತ್ತೇನೆ. ಅವತ್ತು ಅಲ್ಲಿನ ಅಂಗಡಿಗಳು ಮುಚ್ಚಿರುತ್ತವೆ. ಮುಚ್ಚಿದ ಶಟರುಗಳ ಮುಂದೆ, ಮೆಟ್ಟಿಲುಗಳ ಮೇಲೆ, ಫುಟ್‌ಪಾತಿನ ಉದ್ದಕ್ಕೂ ಹಳೆಯ ಪುಸ್ತಕದವರು ತಾಡಪತ್ರಿ ಹಾಸಿ ರಾಶಿ ಹಾಕುತ್ತಾರೆ. ಎಂಜಿನಿಯರಿಂಗ್ ಗೈಡುಗಳ ಪಕ್ಕದಲ್ಲಿ ಅಡುಗೆ ಪುಸ್ತಕ, ಅದರ ಪಕ್ಕದಲ್ಲಿ ಯಾರೋ ಪುಣ್ಯಾತ್ಮರು ಮದುವೆಗೆ ಉಡುಗೊರೆ ಕೊಟ್ಟ, ಒಂದು ಸಲವೂ ತೆರೆಯದ ದಪ್ಪ ಪುಸ್ತಕ. ಮೂವತ್ತು ರೂಪಾಯಿ, ಐವತ್ತು ರೂಪಾಯಿ. ಗಂಡ ಹೆಂಡತಿ ಇಬ್ಬರೂ ಒಂದು ದಿನ ಪೂರ್ತಿ ತಿರುಗಿ, ಬೆನ್ನು ನೋಯಿಸಿಕೊಂಡು, ಇರಾನಿ ಚಹಾ ಕುಡಿದು ಮನೆಗೆ ಬಂದರೂ ಸಿನಿಮಾದ ಎರಡು ಟಿಕೆಟ್ಟಿನಷ್ಟು ಖರ್ಚಾಗುವುದಿಲ್ಲ. ಈಗೀಗಂತೂ ಶೈಲಾಗೆ ಬಸ್ಸು ಪುಕ್ಕಟೆ. ಕಂಡಕ್ಟರು ಅವಳಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟು ನನ್ನ ಕಡೆ ಕೈಚಾಚಿದಾಗ ಅವಳು ಕಿಟಕಿಯ ಹೊರಗೆ ನೋಡುತ್ತ ನಗುತ್ತಾಳೆ.

ನನಗೂ ಅಬಿಡ್ಸ್‌ಗೂ ಹಳೆಯ ನಂಟು. ನಮ್ಮಪ್ಪ ಹುಮನಾಬಾದ್ ಕಡೆಯವರು, ರೈಲ್ವೆಯಲ್ಲಿ ಗುಮಾಸ್ತರಾಗಿ ಬಂದು ಮಲ್ಕಾಜ್‌ಗಿರಿಯಲ್ಲಿ ನೆಲೆನಿಂತವರು. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಓದುವಂಥದ್ದು ಅಂದರೆ ಒಂದು ಪಂಚಾಂಗ, ಒಂದು ರೈಲ್ವೆ ಟೈಮ್‌ಟೇಬಲ್. ಟೈಮ್‌ಟೇಬಲ್ಲನ್ನೇ ನಾನು ಕಥೆಯ ಹಾಗೆ ಓದುತ್ತಿದ್ದೆ. ವಾಡಿಯಲ್ಲಿ ಗಾಡಿ ಇಪ್ಪತ್ತು ನಿಮಿಷ ನಿಲ್ಲುತ್ತದೆ ಎಂದಿದ್ದರೆ, ಅಷ್ಟು ಹೊತ್ತು ಅಲ್ಲಿ ಏನು ನಡೆಯುತ್ತಿರಬಹುದು ಎಂದು ಯೋಚಿಸುತ್ತ ಕೂಡುತ್ತಿದ್ದೆ. ಹನ್ನೊಂದು ವರ್ಷದವನಿದ್ದಾಗ ಅಪ್ಪ ಅಬಿಡ್ಸ್‌ಗೆ ಕರೆದುಕೊಂಡು ಹೋಗಿ, ನಿನಗೆ ಬೇಕಾದ ಒಂದು ಪುಸ್ತಕ ಆರಿಸಿಕೋ ಎಂದರು. ಕೊಡುವ ದುಡ್ಡಿಗೆ ಮೋಸವಾಗಬಾರದು ಎಂದು ನಾನು ಎಲ್ಲಕ್ಕಿಂತ ದಪ್ಪಗಿದ್ದದ್ದನ್ನು ಆರಿಸಿದೆ. ಅದು ಸ್ಕೂಟರ್ ರಿಪೇರಿಯ ಇಂಗ್ಲಿಷ್ ಕೈಪಿಡಿ. ಆ ಸ್ಕೂಟರ್ ಈಗ ತಯಾರಾಗುವುದಿಲ್ಲ, ನನಗೆ ಇವತ್ತಿಗೂ ಸ್ಕೂಟರ್ ಓಡಿಸಲು ಬರುವುದಿಲ್ಲ, ಆದರೆ ಅದರ ಕಾರ್ಬುರೇಟರ್ ಬಿಚ್ಚಿ ಜೋಡಿಸುವುದು ಹೇಗೆ ಎಂದು ಕೇಳಿದರೆ ಗಡಗಡ ಹೇಳುತ್ತೇನೆ. ಯಾರೂ ಕೇಳಿಲ್ಲ.

ಶಾಲೆಯಲ್ಲಿ ಕಲಿತದ್ದು ತೆಲುಗು. ಕನ್ನಡ ಕಲಿಸಿದವಳು ಅವ್ವ, ಅಡುಗೆಮನೆಯಲ್ಲಿ, ಪಾಟಿಯ ಮೇಲೆ, ರೊಟ್ಟಿ ಬಡಿಯುವ ನಡುವೆ. ಹಾಗಾಗಿ ನನ್ನ ಕನ್ನಡ ಅಕ್ಷರಗಳ ತಲೆಯ ಮೇಲೆ ಈಗಲೂ ತೆಲುಗಿನ ಗೀಟು ಕೂತಿರುತ್ತದೆ. ಅಬಿಡ್ಸ್‌ನ ಪುಸ್ತಕದವರಿಗೆ ಕನ್ನಡವೂ ತೆಲುಗೂ ಒಂದೇ, ಎರಡೂ ಗುಂಡಗಿನ ಅಕ್ಷರ. ಕನ್ನಡದ ಪುಸ್ತಕ ಬಂದರೆ ತೆಲುಗಿನ ರಾಶಿಯಲ್ಲೇ ಸೇರಿಸಿಡುತ್ತಾರೆ. ತೆಲುಗು ರಾಶಿಯನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ ಕನ್ನಡವನ್ನು ಹೊರತೆಗೆಯುವುದು ನಮ್ಮಂಥವರಿಗೆ ಒಂದು ಖುಷಿ. ಶೈಲಾ ರಾಯಚೂರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಈ ಊರಿನಲ್ಲಿ ಹಿಡಿಸಿದ್ದು ಇದೊಂದೇ ಎಂದು ನನಗೆ ಅನುಮಾನ. ಚೌಕಾಸಿ ಮಾತ್ರ ಅವಳದೇ. ಬೇಕಾದ ಪುಸ್ತಕ ಸಿಕ್ಕರೆ ನನ್ನ ಮುಖ ಅರಳಿಬಿಡುತ್ತದೆ, ಅದನ್ನು ಕಂಡು ಪುಸ್ತಕದವನು ರೇಟು ಏರಿಸುತ್ತಾನೆ. ಆದ್ದರಿಂದ ಅವಳು ಬೆಲೆ ಮಾತಾಡುವಾಗ ನಾನು ರಸ್ತೆಯ ಆಚೆ ಬದಿಗೆ ಹೋಗಿ ಬೇರೆ ಕಡೆ ಮುಖ ಮಾಡಿ ನಿಲ್ಲಬೇಕು ಎಂದು ನಮ್ಮಲ್ಲಿ ಕರಾರಾಗಿದೆ.

ಇನ್ನು ಮಕ್ಕಳ ಪುಸ್ತಕದ ವಿಷಯ. ಮದುವೆಯಾಗಿ ಒಂಬತ್ತು ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಆಸ್ಪತ್ರೆಗಳ ಕಥೆ ನಿಮಗೆ ಬೇಡ, ನಮಗೂ ಸಾಕಾಗಿತ್ತು. ಕಡೆಗೆ ದತ್ತು ತೆಗೆದುಕೊಳ್ಳೋಣ ಎಂದು ನಿರ್ಧಾರ ಮಾಡಿ ಹೆಸರು ನೋಂದಾಯಿಸಿದೆವು. ಅರ್ಜಿಯಲ್ಲಿ ಮಗುವಿನ ವಯಸ್ಸು ಎಷ್ಟಿರಬೇಕು ಎಂದು ಒಂದು ಪ್ರಶ್ನೆ. ಎರಡು ವರ್ಷದ ಒಳಗೆ ಎಂದು ತುಂಬಿದೆವು. ಎಲ್ಲರೂ ಹಾಗೇ ತುಂಬುತ್ತಾರಂತೆ, ಅದಕ್ಕೇ ಆ ಸಾಲು ಅಷ್ಟು ಉದ್ದ. ಅವ್ವ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಎಷ್ಟು ಕಾಲ ಕಾಯಬೇಕಾಗುತ್ತದೆ ಎಂದು ಕೇಳಿದಳು. ಮೂರು ವರ್ಷವಾದರೂ ಆಗಬಹುದು ಎಂದೆ. "ಎಲ್ಲಾರೂ ಒಂಬತ್ತು ತಿಂಗಳು ಹೊರತಾರ. ನೀವು ಮೂರು ವರ್ಷ ಹೊರ್ರಿ ತಮ್ಮಾ," ಎಂದು ಎದ್ದು ಚಹಾ ಇಟ್ಟಳು.

ಸ್ವಲ್ಪ ದಿನಕ್ಕೆ ನಮ್ಮ ಮನೆ ನೋಡಲು ಒಬ್ಬ ಹೆಣ್ಣುಮಗಳು ಬಂದರು. ಇಂಥ ಅರ್ಜಿ ಹಾಕಿದವರ ಮನೆ ಹೇಗಿದೆ, ಜನ ಹೇಗಿದ್ದಾರೆ ಎಂದು ನೋಡಿ ವರದಿ ಬರೆಯುವುದು ಅವರ ಕೆಲಸ. ಮಗುವಿನ ಸಾಮಾನು ಎಲ್ಲಿಡುತ್ತೀರಿ ಎಂದು ಸಹಜವಾಗಿ ಕೇಳಿದರು. ಶೈಲಾ ಹಿಂದಿನ ದಿನವೇ ಕಪಾಟಿನ ಕೆಳಗಿನ ಖಾನೆ ಖಾಲಿ ಮಾಡಿ ಒರೆಸಿಟ್ಟಿದ್ದಳು. ಇಲ್ಲಿ ಎಂದು ಬಾಗಿಲು ತೆರೆದು ತೋರಿಸಿದಳು. ಆ ಖಾಲಿ ಖಾನೆಯನ್ನು ಮೂವರೂ ನೋಡುತ್ತ ನಿಂತೆವು. ಅವರು ಏನನ್ನೋ ಬರೆದುಕೊಂಡರು, ಒಳ್ಳೆಯದನ್ನೇ ಬರೆದಿರಬೇಕು. ಅವರು ಹೋದ ಮೇಲೆ ಶೈಲಾ ಬಾಗಿಲು ಮುಚ್ಚಲೇ ಇಲ್ಲ. ಹೀಗೆ ಬರಿದಾಗಿ ನೋಡಲಾರೆ, ಈ ಭಾನುವಾರ ಹೋಗಿ ಏನಾದರೂ ತರೋಣ ಎಂದಳು.

ಆ ಭಾನುವಾರ ನಮಗೆ ಖಾದರ್ ಭಾಯಿ ಸಿಕ್ಕಿದರು. ಮುಚ್ಚಿದ ಚಪ್ಪಲಿ ಅಂಗಡಿಯೊಂದರ ಮೆಟ್ಟಿಲ ಮೇಲೆ ಬರೀ ಮಕ್ಕಳ ಪುಸ್ತಕ ಇಟ್ಟುಕೊಂಡು ಕೂಡುವ ವಯಸ್ಸಾದ ಮನುಷ್ಯ. ಬಿಳಿ ಗಡ್ಡ, ತೋಳು ಮಡಚಿದ ಜುಬ್ಬಾ. ಶೈಲಾ ಹಲ್ಲಿನ ಗುರುತಿನ ಆ ಪುಸ್ತಕ ಎತ್ತಿಕೊಂಡು ಅದರ ಮೂಲೆಯನ್ನು ಬೆರಳಿನಿಂದ ಸವರುತ್ತ ನಿಂತಿದ್ದಳು. ಬಚ್ಚೀ ಎಷ್ಟು ವರ್ಷದ್ದಮ್ಮಾ ಎಂದು ಖಾದರ್ ಭಾಯಿ ಕೇಳಿದರು. ಮಗು ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಇಡೀ ಕಥೆಯನ್ನು ಫುಟ್‌ಪಾತಿನಲ್ಲಿ ಹೇಳುವ ಮನಸ್ಸೂ ಇರಲಿಲ್ಲ. "ದೋ ಸಾಲ್ ಕೀ," ಎಂದುಬಿಟ್ಟಳು. ಎರಡು ವರ್ಷ. ನಾನು ಕರಾರಿನ ಪ್ರಕಾರ ರಸ್ತೆಯ ಆಚೆ ನಿಂತಿದ್ದೆ. ಅಲ್ಲಿಯೇ ಸುಮ್ಮನೆ ನಿಂತಿರಬೇಕಿತ್ತು, ಈಚೆಗೆ ಬಂದೆ. ಮಗು ಪುಸ್ತಕ ಹರಿಯುತ್ತದೆಯೇ ಎಂದು ಅವರು ನನ್ನನ್ನು ಕೇಳಿದರು. ವಿಷಯ ಏನೆಂದು ಶೈಲಾಳ ಮುಖ ನೋಡಿ ತಿಳಿದುಕೊಂಡೆ. ಹರಿಯುವುದಿಲ್ಲ ಭಾಯ್, ತಿನ್ನುತ್ತಾಳೆ ಎಂದೆ. ಖಾದರ್ ಭಾಯಿ ಬಿದ್ದು ಬಿದ್ದು ನಕ್ಕು, ಹಾಗಾದರೆ ರಟ್ಟಿನದೇ ಸರಿ ಎಂದು ಹತ್ತು ರೂಪಾಯಿ ಕಡಿಮೆ ಮಾಡಿದರು.

ಸುಳ್ಳು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ತಿಂಗಳು ಹೋದಾಗ ಖಾದರ್ ಭಾಯಿ ದೂರದಿಂದಲೇ ಗುರುತು ಹಿಡಿದು ಬಿಟಿಯಾ ಹೇಗಿದ್ದಾಳೆ ಎಂದು ಕೂಗಿ ಕೇಳಿದರು. ಚೆನ್ನಾಗಿದ್ದಾಳೆ ಎಂದೆವು, ಬೇರೆ ಏನೆಂದೇವು. ಅದರ ಮುಂದಿನ ತಿಂಗಳು ಎಷ್ಟು ಮಾತು ಬರುತ್ತದೆ ಎಂದು ಕೇಳಿದರು. ಶೈಲಾ ಎಂಟು ಹತ್ತು ಎಂದಳು, ಅದೇ ಉಸಿರಿಗೆ ನಾನು ಪೂರಾ ಮಾತಾಡುತ್ತಾಳೆ ಎಂದೆ. ಖಾದರ್ ಭಾಯಿ ನಮ್ಮಿಬ್ಬರನ್ನು ನೋಡಿ, ಅಪ್ಪಂದಿರಿಗೆ ಯಾವಾಗಲೂ ಹೆಚ್ಚೇ ಕೇಳಿಸುತ್ತದೆ ಎಂದು ತಾವೇ ನಮ್ಮನ್ನು ಪಾರುಮಾಡಿದರು. ಅಂದಿನಿಂದ ನಾವು ಬಸ್ಸಿನಲ್ಲೇ ಮಾತಾಡಿಕೊಂಡು ಹೋಗತೊಡಗಿದೆವು. ಮಲ್ಕಾಜ್‌ಗಿರಿಯಲ್ಲಿ ಬಸ್ಸು ಹತ್ತಿದರೆ ತಾರ್ನಾಕಾ ದಾಟುವಷ್ಟರಲ್ಲಿ ಅವಳ ಊಟ ತಿಂಡಿ ಮುಗಿಯುತ್ತಿತ್ತು, ಕೋಠಿಯಲ್ಲಿ ಇಳಿಯುವ ಹೊತ್ತಿಗೆ ಆ ತಿಂಗಳ ಸುದ್ದಿಯೆಲ್ಲ ತಯಾರಾಗಿರುತ್ತಿತ್ತು. ಅವಳು ಗೋಡೆಯ ಮೇಲೆ ಹಲ್ಲಿ ಕಂಡರೆ ಹೆದರುತ್ತಾಳೆ, ಬೆಂಡೆಕಾಯಿ ತಿನ್ನುವುದಿಲ್ಲ. ಬೆಂಡೆಕಾಯಿ ತಿನ್ನದವನು ನಾನು. ನನ್ನ ಗುಣ ಅವಳಿಗೆ ಹಚ್ಚಿದ್ದಕ್ಕೆ ಶೈಲಾ ತಕರಾರು ತೆಗೆದಳು. ಅವಳನ್ನು ಶಾಲೆಗೆ ಹಾಕಬೇಕಾದ ವರ್ಷ ಯಾವ ಶಾಲೆ ಎಂಬ ಮಾತಿಗೆ ನಮ್ಮಲ್ಲಿ ನಿಜವಾದ ಜಗಳವೇ ಆಯಿತು. ಮುಂದಿನ ಸೀಟಿನ ಹೆಂಗಸು ಹಿಂದೆ ತಿರುಗಿ, ಮನೆಗೆ ಹತ್ತಿರದ ಶಾಲೆಗೇ ಹಾಕಿರಿ ಎಂದು ತೆಲುಗಿನಲ್ಲಿ ಬುದ್ಧಿ ಹೇಳಿ ಇಳಿದು ಹೋದರು.

ನನ್ನ ನೌಕರಿಯ ಬಗ್ಗೆ ಒಂದು ಮಾತು ಹೇಳಬೇಕು. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಗುಳಿಗೆ ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ನೋಡಿ ಬರೆಯುವವನು ನಾನು. ಕಣ್ಣಿಗೆ ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆಯುವಂತಿಲ್ಲ. ವಾರದಲ್ಲಿ ಆರು ದಿನ ಹೀಗೆ ನಿಜವನ್ನೇ ಬರೆದವನು ಏಳನೆಯ ದಿನ ಮೆಟ್ಟಿಲ ಮೇಲೆ ಕೂತು ಇಲ್ಲದ ಮಗಳ ಬಗ್ಗೆ ರಾಗವಾಗಿ ಹೇಳುತ್ತಿದ್ದೆ. ನನಗೆ ಅದು ತುಂಬ ಹಿತವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಕಾರ್ಖಾನೆಯಲ್ಲಿ ಬೇರೆಯವರು ತಮ್ಮ ಮಕ್ಕಳ ಮಾತಾಡುವಾಗ ಡಬ್ಬಿ ತೊಳೆಯುವ ನೆಪದಿಂದ ಎದ್ದು ಹೋಗುತ್ತಿದ್ದವನಿಗೆ ತಿಂಗಳಿಗೊಮ್ಮೆ ಒಂದು ಕಡೆ ಅಪ್ಪನಾಗಿ ಕೂಡಲು ಜಾಗ ಸಿಕ್ಕಿತ್ತು.

ಅವಳಿಗೆ ಜ್ವರ ಬಂದದ್ದೂ ಹಾಗೆಯೇ. ಒಂದು ತಿಂಗಳು ನಾವು ಹೋಗಲಾಗಲಿಲ್ಲ. ಅವ್ವನ ಮೊಣಕಾಲು ನೋವು ಜೋರಾಗಿತ್ತು. ಮುಂದಿನ ಸಲ ಖಾದರ್ ಭಾಯಿ ಯಾಕೆ ಬರಲಿಲ್ಲ ಎಂದಾಗ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ, ಬಿಟಿಯಾಗೆ ದಡಾರ ಆಗಿತ್ತು, ಜ್ವರ ಇನ್ನೂ ಪೂರ್ತಿ ಬಿಟ್ಟಿಲ್ಲ ಎಂದುಬಿಟ್ಟೆ. ಅವರ ಮುಖ ಚಿಕ್ಕದಾಯಿತು. ಬಣ್ಣದ ಕಡ್ಡಿಯ ಡಬ್ಬಿಯೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟು, ದುಡ್ಡು ಬೇಡ, ಮಲಗಿದಲ್ಲೇ ಬಣ್ಣ ಹಚ್ಚಲಿ ಎಂದರು. ಬಸ್ಸಿನಲ್ಲಿ ಶೈಲಾ ನನ್ನ ಪಕ್ಕದಲ್ಲಿ ಕೂಡದೆ ಮುಂದೆ ಹೋಗಿ ಕೂತಳು.

ಹೀಗೆ ಮೂರು ವರ್ಷ ಕಳೆಯಿತು. ಕೆಳಗಿನ ಖಾನೆ ತುಂಬಿ, ಪುಸ್ತಕಗಳು ನೆಲಕ್ಕಿಳಿದವು. ತೆಲುಗು, ಕನ್ನಡ, ಹಿಂದಿ, ಅಕ್ಷರವೇ ಇಲ್ಲದ ಬರೀ ಚಿತ್ರದ್ದು. ಬರುವ ಮಗುವಿನ ಭಾಷೆ ಯಾವುದೆಂದು ಯಾರು ಬಲ್ಲರು. ಕಂಪ್ಯೂಟರಿನಲ್ಲಿ ನಮ್ಮ ಸರದಿ ನೋಡಿದರೆ ಮುಂದೆ ಇನ್ನೂ ಸಾಲು ಸಾಲು ಜನ. ಶೈಲಾ ಮೊದಮೊದಲು ದಿನಾ ನೋಡುತ್ತಿದ್ದಳು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ನೋಡುವುದನ್ನೇ ಬಿಟ್ಟಳು. ಅವಳು ಬಿಟ್ಟಳೆಂದು ಗೊತ್ತಾದ ಮೇಲೆ ನಾನು ಕದ್ದು ನೋಡತೊಡಗಿದೆ. ಎಲ್ಲಿ ಇವಳು ಸಾಕು, ಬೇಡ ಎಂದುಬಿಡುತ್ತಾಳೋ ಎಂದು ನನಗೆ ಹೆದರಿಕೆ. ಕೇಳುವ ಧೈರ್ಯವಿರಲಿಲ್ಲ.

ಒಂದು ಭಾನುವಾರ ಖಾದರ್ ಭಾಯಿ ನಮಗಾಗಿಯೇ ಒಂದು ಪುಸ್ತಕ ತೆಗೆದಿಟ್ಟಿದ್ದರು. ದೊಡ್ಡ ಅಕ್ಷರದ ತೆಲುಗು ಕಥೆಗಳು. ಈಗ ಐದು ತುಂಬಿತಲ್ಲ, ಇನ್ನು ಚಿತ್ರದ ಪುಸ್ತಕ ಸಾಕು, ಓದಲು ಕೂಡಿಸಿರಿ ಎಂದರು. ಶೈಲಾ ಕೈಚಾಚಿದವಳು ಹಾಗೇ ನಿಂತಳು. ಊಟ ಮಾಡಿ ಬರುತ್ತೇವೆ ಎಂದು ನನ್ನನ್ನು ಎಳೆದುಕೊಂಡು ಹೊರಟಳು.

ನಾವು ಊಟ ಮಾಡುವುದು ಅಲ್ಲೇ ಮುಂದೆ, ಮುಚ್ಚಿದ ಬಟ್ಟೆ ಅಂಗಡಿಯೊಂದರ ನೆರಳಿನಲ್ಲಿ. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಶೈಲಾ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಕೈಗೆ ಕೊಟ್ಟು, ತಾನು ಮುರಿಯದೆ ಕೂತಳು.

"ರೀ, ನಮ್ಮ ಅರ್ಜಿಯೊಳಗ ಆಕಿ ಇನ್ನೂ ಎರಡು ವರ್ಷದೊಳಗ ಅದಾಳ. ಇಲ್ಲಿ ಐದು ವರ್ಷದಾಕಿ ಆಗ್ಯಾಳ," ಎಂದಳು.

ಹೌದು ಎಂದೆ.

"ನನಗ ಈ ಐದು ವರ್ಷದಾಕಿನ ರೂಢಿ ಆಗ್ಯಾಳ್ರೀ. ಈಗ ತೊಟ್ಟಿಲ ಕೂಸು ತಂದು ಕೊಟ್ರ, ನನ್ನ ದೊಡ್ಡ ಮಗಳು ಎಲ್ಲಿ ಹೋದಳು ಅನಸ್ತತಿ. ವಯಸ್ಸು ಬದಲಿ ಮಾಡೂಣು."

ಅವಳು ಬೇಡ ಎನ್ನುತ್ತಾಳೆಂದು ಹೆದರಿದ್ದವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನನ್ನ ಸಣ್ಣತನವನ್ನು ನಿಮ್ಮಿಂದ ಯಾಕೆ ಮುಚ್ಚಿಡಲಿ, ನನಗೆ ಬೇಕಾಗಿದ್ದದ್ದು ನಮಗಿಂತ ಮುಂಚಿನ ನೆನಪು ಏನೂ ಇಲ್ಲದ ಮಗು. ಕಣ್ಣು ಬಿಟ್ಟರೆ ನಮ್ಮನ್ನೇ ನೋಡಿ, ಲೋಕ ಶುರುವಾದದ್ದೇ ನಮ್ಮಿಂದ ಎಂದುಕೊಳ್ಳುವ ಮಗು. ಐದು ಆರು ವರ್ಷದವಳಿಗೆ ಬೇರೆ ಮನೆ, ಬೇರೆ ಮುಖಗಳು ನೆನಪಿರುತ್ತವೆ. ನಮ್ಮನ್ನು ನೋಡಿ ಇವರು ಯಾರು ಎಂದುಕೊಂಡರೆ ಏನು ಮಾಡುವುದು. ಇದನ್ನೆಲ್ಲ ತಡವರಿಸುತ್ತ ಹೇಳಿದೆ.

ಶೈಲಾ ಕೇಳಿಸಿಕೊಂಡಳು. ನಾನು ಮದುವೆಯಾಗಿ ಬಂದಾಗ ಇಪ್ಪತ್ತಾರು ವರ್ಷದವಳಿದ್ದೆ, ರಾಯಚೂರು ಪೂರ್ತಿ ನೆನಪಿತ್ತು, ನಿಮ್ಮ ಮುಖ ನೋಡಿ ಇವರು ಯಾರು ಅಂತಲೇ ಅಂದುಕೊಂಡೆ, ನಿಮಗೇನು ತೊಂದರೆಯಾಯಿತು ಎಂದು ಕೇಳಿದಳು. ರೊಟ್ಟಿ ಮುರಿದು ಅವಳ ಕೈಗೆ ಕೊಟ್ಟೆ. ತಿಂದಳು.

ಆಮೇಲೆ ಅವಳು ನೆಟ್ಟಗೆ ಖಾದರ್ ಭಾಯಿಯ ಬಳಿಗೆ ಹೋದಳು. ಅವಳ ಹಿಂದಿ ಮೊದಲೇ ಅಷ್ಟಕ್ಕಷ್ಟೆ, ಅವತ್ತು ಇನ್ನೂ ಮುರಿದು ಮುದ್ದೆಯಾಯಿತು. "ಭಾಯ್, ಹಮಾರೇ ಘರ್ ಮೇಂ ಬಚ್ಚೀ ನೈ ಹೈ," ಎಂದಳು. ನಮ್ಮ ಮನೆಯಲ್ಲಿ ಮಗಳಿಲ್ಲ. ಖಾದರ್ ಭಾಯಿಯ ಕೈಯಲ್ಲಿದ್ದ ಪುಸ್ತಕ ಜಾರಿತು. ಅವರು ಮೆಟ್ಟಿಲ ಮೇಲೆ ಕುಸಿದು ಕೂತು, ಯಾವಾಗ, ಏನಾಗಿತ್ತು ಎಂದರು. ಮಗು ತೀರಿಕೊಂಡಿತು ಎಂದು ಅವರು ತಿಳಿದದ್ದು ನಮಗೆ ಒಂದು ಗಳಿಗೆ ಹೊಳೆಯಲೇ ಇಲ್ಲ. ಹೊಳೆದದ್ದೇ ನಾನು ಮುಂದೆ ನುಗ್ಗಿದೆ. ಇಲ್ಲ ಭಾಯ್, ಹಾಗಲ್ಲ, ಅವಳು ಇನ್ನೂ ಬಂದೇ ಇಲ್ಲ ಎಂದು ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಅರ್ಜಿ, ಖಾಲಿ ಖಾನೆ, ಬಸ್ಸಿನಲ್ಲಿ ಮಾಡಿದ ತಯಾರಿ, ಬೆಂಡೆಕಾಯಿ.

ಗಿರಾಕಿಯೊಬ್ಬ ಬಂದು ಬೆಲೆ ಕೇಳಿದ, ಖಾದರ್ ಭಾಯಿ ಕೈಯಾಡಿಸಿ ಅವನನ್ನು ಕಳಿಸಿಬಿಟ್ಟರು. ಕಡೆಗೆ, ಅವಳಿಗೆ ಜ್ವರ ಎಂದಿರಿ, ನಾನು ಒಂದು ವಾರ ಐದೂ ಹೊತ್ತಿನ ನಮಾಜಿನಲ್ಲಿ ಅವಳಿಗಾಗಿ ದುವಾ ಮಾಡಿದೆ ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು. ನನಗೆ ಅವತ್ತಿನಷ್ಟು ನಾಚಿಕೆ ಯಾವತ್ತೂ ಆಗಿಲ್ಲ. ಶೈಲಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಖಾದರ್ ಭಾಯಿ ಬಿದ್ದ ಪುಸ್ತಕವನ್ನು ಎತ್ತಿ ಧೂಳು ಜಾಡಿಸಿ ಹಳೆಯ ಪೇಪರಿನಲ್ಲಿ ಸುತ್ತತೊಡಗಿದರು.

"ಕಹೀಂ ತೋ ಹೋಂಗಿ ನಾ ವೋ," ಎಂದರು. ಎಲ್ಲೋ ಇದ್ದೇ ಇರುತ್ತಾಳಲ್ಲ. "ಉಸ್ ಹಫ್ತೇ ಬುಖಾರ್ ಭೀ ಆಯಾ ಹೋಂಗಾ." ಆ ವಾರ ಅವಳಿಗೆ ಜ್ವರವೂ ಬಂದಿರುತ್ತದೆ. ಹಾಗೆಂದು ಪೊಟ್ಟಣವನ್ನು ಶೈಲಾಳ ಕೈಯಲ್ಲಿಟ್ಟು, ಬಂದ ಮೇಲೆ ಓದಲು ಕೂಡಿಸಿರಿ ಎಂದರು.

ಮರುದಿನವೇ ವಯಸ್ಸು ಬದಲಾಯಿಸಿದೆವು. ಆ ಸಾಲಿನಲ್ಲಿ ಜನ ಕಡಿಮೆ. ನಾಲ್ಕು ತಿಂಗಳಿಗೆ ಫೋನು ಬಂತು. ಕಾರ್ಖಾನೆಯೊಳಗೆ ಫೋನು ಒಯ್ಯುವಂತಿಲ್ಲ, ಹೊರಗಿನ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು. ಊಟದ ಹೊತ್ತಿಗೆ ತೆಗೆದು ನೋಡಿದರೆ ಶೈಲಾಳ ಹನ್ನೊಂದು ಕರೆ. ಅವ್ವನಿಗೆ ಏನೋ ಆಯಿತು ಎಂದುಕೊಂಡು ಅಲ್ಲೇ ನಿಂತು ಫೋನು ಹಚ್ಚಿದೆ. ದತ್ತಿನ ಕಚೇರಿಯವರು ಫೋಟೋ ಕಳಿಸಿದ್ದಾರಂತೆ. ಆರು ವರ್ಷದ ಹುಡುಗಿ, ಹೆಸರು ಭವಾನಿ.

"ಎರಡು ದಿನದಾಗ ಹೌದೋ ಅಲ್ಲೋ ಹೇಳ್ರಿ ಅಂದಾರ. ನಾ ಆಗಳೇ ಕಂಪ್ಯೂಟರಿನ್ಯಾಗ ಹೌದು ಅಂತ ಒತ್ತೀನ್ರಿ. ನಿಮ್ಮನ್ನ ಕೇಳಬೇಕಿತ್ತೇನು?"

ಬೇಕಿರಲಿಲ್ಲ ಎಂದೆ. ಫೋಟೋದಲ್ಲಿ ಒಂದು ಹುಡುಗಿ ಕೂದಲು ಗಿಡ್ಡಕ್ಕೆ ಕತ್ತರಿಸಿಕೊಂಡು, ತೆಗೆಯುವವರ ಮೇಲೆ ಸಿಟ್ಟು ಮಾಡಿಕೊಂಡ ಹಾಗೆ ನೋಡುತ್ತಿತ್ತು. ಹೆಸರು ಕೇಳಿ ಅವ್ವ, ತುಳಜಾಪುರದ ಅಂಬಾಭವಾನಿಯೇ ನಡೆದು ಬರುತ್ತಿದ್ದಾಳೆ ಎಂದು ಓಣಿಗೆಲ್ಲ ಪೇಢೆ ಹಂಚಿದಳು. ಮಗು ಇನ್ನೂ ನೂರೈವತ್ತು ಕಿಲೋಮೀಟರ್ ದೂರದ ಊರಿನಲ್ಲಿತ್ತು.

ಭವಾನಿ ಒಂದು ಕೈಚೀಲ ಹಿಡಿದುಕೊಂಡು ಬಂದಳು. ಅದರಲ್ಲಿ ಎರಡು ಫ್ರಾಕು, ಒಂದು ಸ್ಟ್ರಾಪು ಕಿತ್ತ ಚಪ್ಪಲಿ. ಮೊದಲ ವಾರ ನಮ್ಮೊಡನೆ ಮಾತೇ ಇಲ್ಲ. ಮಾತು ಶುರುವಾದದ್ದು ಅವ್ವನ ಜೊತೆ. ಅವ್ವ ಕನ್ನಡದಲ್ಲಿ ಹೇಳುತ್ತಾಳೆ, ಅವಳು ತೆಲುಗಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಎಲ್ಲವೂ ತಿಳಿಯುತ್ತದೆ. ಬೆಂಡೆಕಾಯಿ ಎಂದರೆ ಪ್ರಾಣ ಬಿಡುತ್ತಾಳೆ, ಹಲ್ಲಿ ಕಂಡರೆ ಪೊರಕೆ ಹಿಡಿದು ಓಡಿಸಲು ಹೋಗುತ್ತಾಳೆ. ನಾನು ಬಸ್ಸಿನಲ್ಲಿ ಕೂತು ಬೆಳೆಸಿದವಳಿಗೂ ಇವಳಿಗೂ ಒಂದಕ್ಕೂ ತಾಳೆಯಿಲ್ಲ. ಪುಸ್ತಕಗಳ ಗತಿ ಕೇಳಬೇಡಿ. ಕೈತೊಳೆಯುವ ನಲ್ಲಿ ಎಟುಕದ್ದಕ್ಕೆ ಅವಳು ನಾಲ್ಕು ದಪ್ಪ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿ ನಿಂತಳು. ನಾನು ಬಾಯಿ ತೆರೆಯುವಷ್ಟರಲ್ಲಿ ಶೈಲಾ ಕಣ್ಣಿನಲ್ಲೇ ಸುಮ್ಮನಿರಿ ಎಂದಳು. ನಮ್ಮಿಬ್ಬರನ್ನು ಅವಳು ಏನೆಂದೂ ಕರೆಯುತ್ತಿರಲಿಲ್ಲ. ಬೇಕಾದಾಗ ಶೈಲಾಳ ಸೆರಗು ಜಗ್ಗುತ್ತಿದ್ದಳು, ನನ್ನ ಮುಂದೆ ಬಂದು ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಬಂದು ಒಂದು ತಿಂಗಳಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅವಳು ಕಪಾಟಿನ ಮುಂದೆ ಕೂತು ಒಂದೊಂದೇ ಪುಸ್ತಕ ಹೊರಗೆಳೆದು ನೆಲದ ಮೇಲೆಲ್ಲ ಹರಡಿದ್ದಳು. ನಾನೂ ಶೈಲಾಳೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಇವು ಯಾರವು ಎಂದು ತಲೆಯೆತ್ತದೆ ತೆಲುಗಿನಲ್ಲಿ ಕೇಳಿದಳು. ನಿನ್ನವೇ ಎಂದಳು ಶೈಲಾ. ಭವಾನಿ ಅಲ್ಲವೆಂದು ತಲೆಯಾಡಿಸಿದಳು. ನಾನು ತಂದದ್ದು ಚೀಲ ಒಂದೇ ಎಂದಳು. ಇವೆಲ್ಲ ಹಳೆಯವು, ಯಾರೋ ಓದಿದ್ದಾರೆ ಎಂದಳು. ಆಮೇಲೆ ನಮ್ಮ ಕಡೆ ತಿರುಗಿದಳು.

"ಆ ಪಿಲ್ಲ ಏದಿ?"

ಆ ಹುಡುಗಿ ಎಲ್ಲಿ. ಅಬಿಡ್ಸ್‌ನವಳ ಸುದ್ದಿಯನ್ನು ಇವಳಿಗೆ ಯಾರು ಹೇಳಿದರು ಎಂದೇ ಮೊದಲು ಅನಿಸಿತು. ಆಮೇಲೆ ಅವಳ ಮುಖ ನೋಡಿದೆ. ತನಗಿಂತ ಮುಂಚೆ ಈ ಮನೆಯಲ್ಲಿ ಒಬ್ಬಳಿದ್ದಳು, ಇಷ್ಟು ಪುಸ್ತಕ ಕೊಡಿಸಿದ್ದರು, ಈಗ ಅವಳಿಲ್ಲ, ಅವಳನ್ನು ಎಲ್ಲೋ ಕಳಿಸಿದ್ದಾರೆ, ನಾಳೆ ನನ್ನನ್ನೂ ಕಳಿಸುತ್ತಾರೆ. ಒಂದು ತಿಂಗಳಿಂದ ಈ ಹುಡುಗಿ ಇದನ್ನು ಒಳಗಿಟ್ಟುಕೊಂಡು ನಮ್ಮ ಮನೆಯಲ್ಲಿ ಉಂಡು ಮಲಗುತ್ತಿತ್ತು.

ಶೈಲಾ ನೆಲದ ಮೇಲೆ ಅವಳ ಎದುರಿಗೆ ಕೂತಳು. ಬೇರೆ ಹುಡುಗಿ ಯಾರೂ ಇರಲಿಲ್ಲ, ನೀನೇ ಎಂದು ತನ್ನ ಅರ್ಧಂಬರ್ಧ ತೆಲುಗಿನಲ್ಲಿ ಹೇಳಿದಳು. ಆಗ ನಿನ್ನ ಹೆಸರು ಗೊತ್ತಿರಲಿಲ್ಲ, ಮುಖ ಗೊತ್ತಿರಲಿಲ್ಲ, ಆದರೂ ನೀನು ಬರುತ್ತೀ ಎಂದು ತಿಂಗಳಿಗೊಂದು ತಂದಿಟ್ಟೆವು, ಮೂರು ವರ್ಷದಿಂದ ತರುತ್ತಿದ್ದೇವೆ ಎಂದಳು. ಭವಾನಿ ನಂಬಲಿಲ್ಲ. ಒಂದು ಪುಸ್ತಕ ಎತ್ತಿ ಇದೂ ನನಗೇ ತಂದದ್ದೇ ಎಂದಳು. ಹೌದು. ಇದು? ಅದೂ. ಹೀಗೆ ನೆಲದ ಮೇಲಿದ್ದ ಅಷ್ಟನ್ನೂ ಒಂದೊಂದಾಗಿ ಎತ್ತಿ ಕೇಳಿದಳು, ಒಂದನ್ನೂ ಬಿಡಲಿಲ್ಲ. ನಾವು ಅಷ್ಟಕ್ಕೂ ಹೌದು ಎಂದೆವು. ಮುಗಿದ ಮೇಲೆ ಕೈಬೆರಳು ಮಡಚಿ ಮೂರು ವರ್ಷ ಎಣಿಸಿದಳು. ಎಣಿಸಿದ ಹಾಗೆ ಅವಳ ಹುಬ್ಬು ಗಂಟಿಕ್ಕಿತು. ಫೋಟೋದಲ್ಲಿದ್ದ ಅದೇ ಸಿಟ್ಟು.

"ಮರಿ ಗಿಂತ ಲೇಟೆಂದುಕು ಒಚ್ಚಿನ್ರು?"

ಮತ್ತೆ ಇಷ್ಟು ತಡ ಯಾಕೆ ಮಾಡಿದಿರಿ.

ಖಾದರ್ ಭಾಯಿ ಏನು ಕೇಳಿದರೂ ಥಟ್ಟನೆ ಉತ್ತರ ಕೊಡುತ್ತಿದ್ದವನು ನಾನು. ಅಂದು ಶೈಲಾಳ ಮುಖ ನೋಡಿದೆ. ಶೈಲಾ ತೆಲುಗಿಗೆ ತಡಕಾಡಿದಳು, ಸಿಗಲಿಲ್ಲ.

"ತಪ್ಪಾತವ್ವಾ," ಎಂದಳು. "ನಮ್ಮದು ತಪ್ಪಾತು."

ಭವಾನಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಯೋಚನೆ ಮಾಡಿದಳು.

"ಸರೇ," ಎಂದಳು. "ಈಸಾರಿಕಿ ಪರವಾಲೇದು ಅಮ್ಮಾ."

ಈ ಸಲಕ್ಕೆ ಪರವಾಗಿಲ್ಲ.